ಮೃಗಶಿರೆಗೆ ಮುನ್ನ ಮಾಡು ಮುಚ್ಚಿಸಿಕೊಳ್ಳಿ

ಭರಣಿ ಮಳೆ ಗುಡುಗಿ ನಾಲ್ಕು ಹನಿ ಹಾಕಿದ ದಿನ ಮನೆಯೊಡೆಯನಿಗೆ ಮಾಡಿನ ನೆನಪಾಗುತ್ತದೆ. ಅಟ್ಟದ ಮೇಲಿನ ಅಡಿಕೆ ಚೀಲಕ್ಕೆ ಒಂದು ತೊಟ್ಟು, ದೇವರ ಕೋಣೆಯ ಗೋಡೆಯ ಮೇಲೆ ಒಂದು ಗೆರೆ. ಮಾರನೆಯ ಬೆಳಿಗ್ಗೆ ಮೇಸ್ತ್ರಿಯ ಮನೆಗೆ ಹೋದರೆ ಅಲ್ಲಿ ಆಗಲೇ ಮೂರು ಜನ ಕುಳಿತಿರುತ್ತಾರೆ. "ಬರೋ ಸೋಮವಾರ ಬಂದುಬಿಡ್ತೀನಿ ಗೌಡ್ರೇ, ಖರ್ಚಿಗೆ ಸ್ವಲ್ಪ ಕೊಟ್ಟಿರಿ" ಎನ್ನುತ್ತಾನೆ. ನೀವು ಹಣ ಕೊಟ್ಟು ಮಾತು ತೆಗೆದುಕೊಂಡು ಬರುತ್ತೀರಿ. ಆ ಸೋಮವಾರ ಬರುವುದೇ ಇಲ್ಲ.

ಭರಣಿ ಹುಟ್ಟುವುದು ಏಪ್ರಿಲ್ ಕೊನೆಯ ವಾರ, ಮೃಗಶಿರೆ ಹುಟ್ಟುವುದು ಜೂನ್ 7 ಅಥವಾ 8ಕ್ಕೆ. ನಡುವೆ ಸಿಗುವುದು ಆರೇ ವಾರ. ಮಲೆನಾಡು, ಕರಾವಳಿಯ ಊರೂರಿನ ಹಂಚಿನ ಮನೆ, ಕೊಟ್ಟಿಗೆ, ಸೌದೆ ಮನೆ ಎಲ್ಲಕ್ಕೂ ಮೇಸ್ತ್ರಿ ಬೇಕಾಗುವುದು ಇದೇ ಆರು ವಾರದಲ್ಲಿ. ಮಳೆ ತಾನೂ ಪಂಚಾಂಗ ನೋಡಿ ಬರುವುದಿಲ್ಲ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂದಿಳಿಯಿತು. ಮೇ ಕೊನೆಯ ವಾರಕ್ಕೆಂದು ಕೆಲಸ ಗೊತ್ತು ಮಾಡಿಕೊಂಡಿದ್ದವರು ಆ ವರ್ಷ ಪಾತ್ರೆ ಪಗಡೆ ಇಟ್ಟು ನೀರು ಹಿಡಿಯಬೇಕಾಯಿತು.

ಮೇಸ್ತ್ರಿಯನ್ನು ಬೈಯುವ ಮೊದಲು ಅವನ ಲೆಕ್ಕವನ್ನೂ ಸ್ವಲ್ಪ ತಿಳಿದುಕೊಳ್ಳೋಣ. ಅವನ ಕೈಕೆಳಗೆ ನಾಲ್ಕು ಆಳು. ಅವರಿಗೆ ವಾರದ ಬಟವಾಡೆ ನಿಲ್ಲಿಸಿದರೆ ಮರುವಾರವೇ ಇನ್ನೊಬ್ಬನ ಬಳಿ ಹೋಗುತ್ತಾರೆ. ಒಂದು ಮನೆಯವರು ಬಾಕಿ ಉಳಿಸಿಕೊಂಡರೆ ಇನ್ನೊಂದು ಮನೆಯ ಮುಂಗಡದಿಂದ ಆ ಬಟವಾಡೆ ತೀರಿಸುತ್ತಾನೆ. ಆ ಮನೆಗೆ ಹೋಗಲು ಮೂರನೆಯವರ ಮುಂಗಡ ಬೇಕಾಗುತ್ತದೆ. ಹೀಗೆ ಏಕಕಾಲಕ್ಕೆ ಐದು ಮನೆಯ ಮಾಡು ಅವನ ಹೆಗಲ ಮೇಲಿರುತ್ತದೆ. ಎಲ್ಲೆಡೆ ಎರಡೆರಡು ದಿನ ಮುಖ ತೋರಿಸಿ, ಯಾರೂ ಕೈತಪ್ಪದಂತೆ ನೋಡಿಕೊಳ್ಳುತ್ತಾನೆ. ಇಂಥವರಲ್ಲಿ ಮೋಸಗಾರರು ಕಡಿಮೆ. ಹಣ ಕೊಟ್ಟಾಗಿರುವ ಮನೆಗಿಂತ ಹಣ ಬರಬೇಕಾದ ಮನೆಗೆ ಮೊದಲು ಹೋಗುವುದು ಮನುಷ್ಯ ಸ್ವಭಾವ. ಆದ್ದರಿಂದ ನಿಮ್ಮ ಮನೆ ಯಾವಾಗಲೂ ಹಣ ಬರಬೇಕಾದ ಮನೆಯಾಗಿರಲಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಒಂದು ವರ್ಷ ನಮ್ಮ ಹಿಂಬದಿಯ ಮಾಡಿನ ಕೆಲಸಕ್ಕೆ ಅರ್ಧಕ್ಕೂ ಹೆಚ್ಚು ಹಣ ಮೊದಲೇ ಕೊಟ್ಟೆ. ಮೇ ತಿಂಗಳ ನಡುವೆ ಬಂದ ಗುತ್ತಿಗೆದಾರ ಒಂದೇ ದಿನದಲ್ಲಿ ಮೂರು ಅಂಕಣದ ಹಂಚನ್ನೂ ಇಳಿಸಿ ಅಂಗಳದಲ್ಲಿ ಪೇರಿಸಿದ. ಎಷ್ಟು ಚುರುಕು ಎಂದು ನಮಗೆಲ್ಲ ಸಂತೋಷ. ಮರುದಿನ ಬರಲಿಲ್ಲ. ಹದಿನೆಂಟು ದಿನ ಬರಲಿಲ್ಲ. ಫೋನು ಮಾಡಿದರೆ ಮೊದಲು ಅವನ ಹೆಂಡತಿ ಎತ್ತುತ್ತಿದ್ದಳು, ಆಮೇಲೆ ಯಾರೂ ಎತ್ತಲಿಲ್ಲ. ರೋಹಿಣಿ ಮಳೆ ಒಂದು ರಾತ್ರಿ ಸುರಿದಾಗ ಅಟ್ಟದಲ್ಲಿದ್ದ ಬೀಜದ ಭತ್ತ ನೆನೆದು ಮೊಳೆಯಿತು. ಮಣ್ಣಿನ ಗೋಡೆ ಒಂದು ಮೂಲೆಯಲ್ಲಿ ಜಗ್ಗಿತು. ಮಾಡು ಬಿಚ್ಚಿಟ್ಟವನಿಗೆ ಬೇರೆ ಮೇಸ್ತ್ರಿಯನ್ನು ಕರೆಯುವ ಧೈರ್ಯವೂ ಇರುವುದಿಲ್ಲ. ಕೊಟ್ಟ ಹಣ ಹೋದೀತೆಂಬ ಆಸೆ ಬಿಡುವುದಿಲ್ಲವಲ್ಲ!

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕರಾರು. ಒಂದು ಸಲಕ್ಕೆ ಒಂದೇ ಅಂಕಣ ಬಿಚ್ಚತಕ್ಕದ್ದು, ಅದನ್ನು ಮುಚ್ಚಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕತಕ್ಕದ್ದು. ಮೇಸ್ತ್ರಿ ಇದಕ್ಕೆ ಗೊಣಗುವುದುಂಟು, ಅಟ್ಟಣಿಗೆ ಪದೇ ಪದೇ ಕಟ್ಟಬೇಕಲ್ಲ ಎನ್ನುತ್ತಾನೆ. ಅದಕ್ಕೆ ಒಂದು ದಿನದ ಕೂಲಿ ಹೆಚ್ಚಾದರೂ ಕೊಡಿ. ಅವನು ನಡುವೆ ಕೈಕೊಟ್ಟರೂ ನಿಮ್ಮ ತಲೆಯ ಮೇಲೆ ಸೂರಿರುತ್ತದೆ.

ಬಾಂಧವರೇ, ಮಾತುಕತೆಯ ಕಾಲ ಸಂಕ್ರಾಂತಿ. ಒಕ್ಕಲು ಮುಗಿದು ಆಳು ಸಿಗುವ ಹೊತ್ತು ಅದು. ಕೆಲಸ ಮಾರ್ಚಿಯಲ್ಲಿ ನಡೆಯಲಿ. ಆಡಿದ್ದನ್ನು ಬರೆದಿಡಿ. ಛಾಪಾ ಕಾಗದವಾದರೆ ಗಟ್ಟಿ, ಇಲ್ಲದಿದ್ದರೆ ನೋಟ್‌ಬುಕ್ಕಿನ ಹಾಳೆಯಾದರೂ ಇರಲಿ: "ಹಿಂಬದಿ ಮಾಡು, 3 ಅಂಕಣ. ಒರಲೆ ಹಿಡಿದ ಪಕಾಸು ಬದಲಿಸುವುದು, ರೀಪು ಪೂರ್ತಿ ಹೊಸದು. ಹಂಚು, ಮರ ಮನೆಯವರದು. ಮಾರ್ಚ್ 10ಕ್ಕೆ ಶುರು, 25ಕ್ಕೆ ಮುಕ್ತಾಯ. ಕೂಲಿ ಒಟ್ಟು 40,000." ಕೆಳಗೆ ಇಬ್ಬರ ರುಜು, ಒಬ್ಬ ಸಾಕ್ಷಿ. ಪರಿಚಯದವನ ಬಳಿ ಬರೆಸಿಕೊಳ್ಳುವುದು ಹೇಗೆಂದು ಸಂಕೋಚಪಡುವವರೇ ಹೆಚ್ಚು. ಸಾಲಕ್ಕೆ ಬರೆಯುವುದಿಲ್ಲವೇ?

ಈ 40,000ದಲ್ಲಿ ಮುಂಗಡ 4,000ಕ್ಕೆ ಮೀರದಿರಲಿ. ಉಳಿದದ್ದು ಅಂಕಣ ಅಂಕಣಕ್ಕೆ, ಮುಗಿಸಿದ ದಿನ ಸಂಜೆಯೇ ಕೊಡಿ. ಇಲ್ಲಿ ಸತಾಯಿಸಬೇಡಿ. ಕೊನೆಯ 4,000 ಮಾತ್ರ ಆರಿದ್ರಾ ಮಳೆಯ ತನಕ ನಿಮ್ಮಲ್ಲಿರಲಿ. ಜೂನ್ ಕೊನೆಯ ವಾರದ ಆ ಮಳೆಯಲ್ಲಿ ಸೋರದಿದ್ದರೆ ನೀವೇ ಕರೆದು ಕೊಡಿ. ಹಣವನ್ನು ಫೋನಿನ ಮೂಲಕ ಕಳಿಸಿದರೆ ದಾಖಲೆ ತಾನಾಗಿ ಉಳಿಯುತ್ತದೆ.

ಹಂಚು, ಮರವನ್ನು ನೀವೇ ಕೊಳ್ಳುವುದು ಲೇಸು. ಮೇಸ್ತ್ರಿಯ ಕೈಯಲ್ಲಿ ಸಾಮಾನಿನ ಹಣ ಇಟ್ಟರೆ ಅದೂ ಬಟವಾಡೆಗೆ ಹೋಗುತ್ತದೆ. ಮಂಗಳೂರು ಹಂಚು ನೂರು ಚದರಡಿ ಮಾಡಿಗೆ ಸುಮಾರು 150 ಹಿಡಿಯುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಕಂಚಿನ ಸದ್ದು ಬರಬೇಕು. ಒಣ ಹಂಚನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. ತೂಕ ಐದನೇ ಒಂದು ಪಾಲಿಗಿಂತ ಹೆಚ್ಚು ಏರಿದರೆ ಆ ಹಂಚು ಬೇಡ. ಇನ್ನೊಂದು ಮಾತು: ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿನೊಡನೆ ಸರಿಯಾಗಿ ಕೂರುವುದಿಲ್ಲ. ಹಳೆಯ ಹಂಚಿನ ಅಡಿಯಲ್ಲಿ ಒತ್ತಿದ ಹೆಸರು ಓದಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಈ ಉದ್ಯಮದ ಹಲವು ಕಾರ್ಖಾನೆಗಳು ಈಗ ಬಾಗಿಲು ಹಾಕಿವೆ. ಅಂಥ ಹಂಚು ಬೇಕಾದರೆ ಮನೆ ಕೆಡವುವವರ ಬಳಿಯೇ ಹುಡುಕಬೇಕು. ಸಿಗದಿದ್ದರೆ ಮಾಡಿನ ಒಂದು ಪಕ್ಕಕ್ಕೆ ಪೂರ್ತಿ ಹೊಸದನ್ನು ಹೊದಿಸಿ, ಇಳಿಸಿದ ಗಟ್ಟಿ ಹಂಚನ್ನು ಇನ್ನೊಂದು ಪಕ್ಕದ ತೇಪೆಗೆ ಬಳಸಿ.

ಎಲ್ಲಕ್ಕೂ ಮೇಸ್ತ್ರಿ ಬೇಕೇ? ಮುಚ್ಚಿಗೆಯಿಲ್ಲದ ಮಾಡಾದರೆ ನಡುಹಗಲು ಬಾಗಿಲು ಮುಚ್ಚಿ ಅಟ್ಟದಲ್ಲಿ ನಿಂತು ಮೇಲೆ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲಿ ಇದ್ದಿಲಿನ ಗುರುತು ಹಾಕಿ. ನೀರು ಪಕಾಸಿನ ಗುಂಟ ಹರಿದು ಕೆಳಗೆಲ್ಲೋ ತೊಟ್ಟಿಕ್ಕುವುದರಿಂದ, ತೊಟ್ಟು ಬಿದ್ದ ಜಾಗಕ್ಕಿಂತ ಮೇಲೆ ಹುಡುಕಬೇಕು. ಒಳಗಿನಿಂದಲೇ ಮೇಲಿನ ಹಂಚನ್ನು ತುಸು ಎತ್ತಿ ಒಡೆದದ್ದನ್ನು ಜಾರಿಸಿ ತೆಗೆದು ಬೇರೆಯದನ್ನು ಕೂರಿಸಬಹುದು. ಎರಡು ಮಾಡು ಕೂಡುವ ಮೂಲೆಯ ತಗಡಿನ ದೋಣಿಯಲ್ಲಿ ತರಗೆಲೆ ತುಂಬಿದ್ದರೂ ಮನೆ ಸೋರುತ್ತದೆ. ಅದನ್ನು ಬೇಸಿಗೆಯಲ್ಲೇ ಬಾಚಿ ತೆಗೆಯಿರಿ. ಪಾಚಿ ಹಿಡಿದ ಒದ್ದೆ ಹಂಚಿನ ಮೇಲೆ ಮಾತ್ರ ಯಾರನ್ನೂ ಹತ್ತಿಸಬೇಡಿ.

ಮೇಸ್ತ್ರಿ ಬಾರದೆ ಮಳೆಯೇ ಬಂದರೆ ಟಾರ್ಪಾಲನ್ನು ಸೋರುವ ಜಾಗಕ್ಕಷ್ಟೇ ಹಾಸಿದರೆ ಸಾಲದು. ಅದರ ಮೇಲಂಚು ಮಾಡಿನ ನೆತ್ತಿ ದಾಟಿ ಆಚೆ ಪಕ್ಕಕ್ಕೆ ಇಳಿದಿರಬೇಕು, ಇಲ್ಲವಾದರೆ ನೀರು ಅದರಡಿಗೇ ನುಗ್ಗುತ್ತದೆ. ಮೊಳೆ ಹೊಡೆಯದೆ ಹಗ್ಗದಿಂದ ಬಿಗಿದು, ಅಂಚಿಗೆ ಮರಳು ಚೀಲ ಇಳಿಬಿಡಿ.

ಹಣ ತಿಂದು ಕೆಲಸ ಬಿಟ್ಟವನಿಗೆ ಮೊದಲು ಒಂದು ಕಾಗದ ಬರೆದು, ಗಡುವು ತಿಳಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅರ್ಧಕ್ಕೆ ನಿಂತ ಕೆಲಸದ ಚಿತ್ರ ತೆಗೆದಿಡಿ. ಆಮೇಲೆ ಬೇರೆಯವರಿಂದ ಮಾಡು ಮುಚ್ಚಿಸಿಬಿಡಿ, ಅದರ ರಸೀದಿಯೂ ಇರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೆಲಸಕ್ಕೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು, ವಕೀಲರು ಇರಲೇಬೇಕೆಂದಿಲ್ಲ. ಇದು ಇಡೀ ಕೆಲಸವನ್ನು ಗುತ್ತಿಗೆ ಹಿಡಿದವರ ಮಾತು. ದಿನಗೂಲಿಗೆ ಕರೆದ ಆಳಿನ ಮೇಲೆ ಸಲ್ಲದು. ಸಲಹೆಗೆ 1915 ಸಂಖ್ಯೆಗೆ ಫೋನು ಮಾಡಬಹುದು. ದೂರು ಇತ್ಯರ್ಥವಾಗಲು ಕಾಲ ಹಿಡಿಯುತ್ತದೆ. ಕರಾರಿನ ಹಾಳೆ ಇದ್ದವರಿಗೆ ಮಾತ್ರ ಅಲ್ಲಿ ಹೇಳಲು ಬಾಯಿ ಇರುತ್ತದೆ.

ಕೆಲಸ ಮುಗಿದ ಮೇಲೆ ಉಳಿದ ಹಂಚನ್ನು ಮಾರಬೇಡಿ. ಒಂದಿಪ್ಪತ್ತನ್ನು ಕೊಟ್ಟಿಗೆಯ ಗೋಡೆಗೆ ನಿಲ್ಲಿಸಿಡಿ. ಮುಂದಿನ ಗಾಳಿಗೆ ತೆಂಗಿನ ಮಡಲು ಮಾಡಿನ ಮೇಲೆ ಬೀಳುವುದಂತೂ ಇದ್ದೇ ಇದೆ.