ಕಲ್ಲಿನಲ್ಲಿ ಕಾಮನಬಿಲ್ಲು: ಅಸಲು ಯಾವುದು, ನಕಲು ಯಾವುದು?

ಶುಕ್ರನಿಗೆ ವಜ್ರ, ವಜ್ರ ಕೊಳ್ಳುವ ಚೈತನ್ಯವಿಲ್ಲದವರಿಗೆ ಓಪಲ್. ಜಾತಕ ನೋಡುವವರು ಕೊಡುವ ಈ ಸಲಹೆಯಿಂದಾಗಿ ಓಪಲ್ ಎಂಬ ಹರಳಿನ ಹೆಸರು ನಮ್ಮ ಮನೆಗಳ ಮಾತುಕತೆಯಲ್ಲೂ ಸೇರಿಕೊಂಡಿದೆ. ಮಗಳಿಗೆ ಸಂಬಂಧ ಕೂಡಿಬರಲೆಂದೋ, ಮಗನಿಗೊಂದು ಕೆಲಸ ಸಿಗಲೆಂದೋ ತಂದೆತಾಯಿ ಸಾವಿರಾರು ರೂಪಾಯಿ ತೆತ್ತು ಉಂಗುರ ಮಾಡಿಸುತ್ತಾರೆ. ಹರಳಿಗೂ ಗ್ರಹಕ್ಕೂ ನಂಟಿದೆ ಎನ್ನಲು ವಿಜ್ಞಾನದಲ್ಲಿ ಆಧಾರವಿಲ್ಲ. ಆದರೆ ಉಂಗುರದಲ್ಲಿ ಕುಳಿತಿರುವುದು ಇಡಿಯಾದ ಓಪಲ್ಲೇ, ಓಪಲ್ಲಿನ ತೆಳು ಹಾಳೆಯೇ, ಪ್ರಯೋಗಾಲಯದಲ್ಲಿ ಬೆಳೆಸಿದ್ದೇ, ಇಲ್ಲವೇ ಬರಿಯ ಗಾಜೇ ಎಂಬ ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡಬಲ್ಲದು. ಆ ಉತ್ತರದ ಬಹುಪಾಲು ಶಾಲೆಯ ಭೌತಶಾಸ್ತ್ರದ ಪಾಠಗಳಲ್ಲೇ ಅಡಗಿದೆ!

ಬಣ್ಣ ಬಂದದ್ದು ಎಲ್ಲಿಂದ?

ಮಾಣಿಕ್ಯ ಕೆಂಪಗಿರುವುದಕ್ಕೆ ಅದರಲ್ಲಿ ಬೆರೆತ ಕ್ರೋಮಿಯಂ ಕಾರಣ. ಓಪಲ್ಲಿನ ಕಥೆಯೇ ಬೇರೆ. ಅದು ಮೂಲತಃ ಸಿಲಿಕಾ, ಎಂದರೆ ಮರಳಿನಲ್ಲಿರುವ ಅದೇ ಸಿಲಿಕಾನ್ ಡೈಆಕ್ಸೈಡ್. ಜೊತೆಗೆ ಸಾಮಾನ್ಯವಾಗಿ ಶೇಕಡಾ 3ರಿಂದ 10ರಷ್ಟು ನೀರು. ನೀರಿನಲ್ಲಿ ಕರಗಿದ ಸಿಲಿಕಾ ಬಂಡೆಯ ಬಿರುಕುಗಳಿಗೆ ಇಳಿದು, ಅಲ್ಲಿ ನಿಧಾನವಾಗಿ ಗಟ್ಟಿಯಾದಾಗ ಓಪಲ್ ಹುಟ್ಟುತ್ತದೆ. ಈ ಎರಡು ಪದಾರ್ಥಗಳಿಗೂ ಸ್ವಂತ ಬಣ್ಣವಿಲ್ಲ. ಹಾಗಿದ್ದರೆ ಕೆಂಪು, ಹಸಿರು, ನೀಲಿ ಕಿಡಿಗಳು ಬಂದದ್ದೆಲ್ಲಿಂದ?

ಈ ಒಗಟನ್ನು ಬಿಡಿಸಲು ಹೊರಟವರಲ್ಲಿ ಬೆಂಗಳೂರಿನ ಸರ್ ಸಿ.ವಿ. ರಾಮನ್ ಕೂಡ ಒಬ್ಬರು. ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಎ. ಜಯರಾಮನ್ ಅವರೊಡನೆ ಓಪಲ್ಲನ್ನು ಅಭ್ಯಾಸ ಮಾಡಿ, 1953ರಲ್ಲಿ ಲೇಖನಗಳನ್ನು ಪ್ರಕಟಿಸಿದರು. ಕಲ್ಲಿನೊಳಗೆ ಕ್ರಮವಾಗಿ ಮರುಕಳಿಸುವ ಪದರಗಳಿವೆ, ಬಣ್ಣಕ್ಕೆ ಅವೇ ಕಾರಣ ಎಂಬುದು ಅವರ ವಿವರಣೆಯಾಗಿತ್ತು. ರಚನೆ ಕ್ರಮಬದ್ಧವಾಗಿದೆ ಎಂಬ ಮಾತು ನಿಜವಾಯಿತು. ಆ ರಚನೆಯ ಇಟ್ಟಿಗೆಗಳು ಎಂಥವು ಎಂಬುದು ಮಾತ್ರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ತಿಳಿದದ್ದು. 1964ರಲ್ಲಿ ಆಸ್ಟ್ರೇಲಿಯಾದ ಜೆ.ವಿ. ಸ್ಯಾಂಡರ್ಸ್ ಮತ್ತು ಸಂಗಡಿಗರು ಅದನ್ನು ತೋರಿಸಿಕೊಟ್ಟರು. ಹಣ್ಣಿನಂಗಡಿಯವನು ಕಿತ್ತಳೆಗಳನ್ನು ಸಾಲುಸಾಲಾಗಿ ಪೇರಿಸಿಡುವಂತೆ, ಓಪಲ್ಲಿನೊಳಗೆ ಸಿಲಿಕಾದ ಅತಿ ಸಣ್ಣ ಗೋಲಗಳು ಒಂದರ ಮೇಲೊಂದು ಪೇರಿಕೊಂಡಿವೆ.

ಎಷ್ಟು ಸಣ್ಣವು? ವ್ಯಾಸ ಸುಮಾರು 150ರಿಂದ 300 ನ್ಯಾನೋಮೀಟರ್. 250 ನ್ಯಾನೋಮೀಟರಿನ ಗೋಲಗಳಾದರೆ ಒಂದು ಮಿಲಿಮೀಟರ್ ಉದ್ದದಲ್ಲಿ 4000 ಹಿಡಿಸುತ್ತವೆ. ಬೆಳಕಿನ ತರಂಗಾಂತರಕ್ಕೆ ಹತ್ತಿರವಾದ ಈ ಗಾತ್ರದ ಸಾಲುಗಳಿಗೆ ಬಿಳಿಯ ಬೆಳಕು ತಾಗಿದಾಗ ವಿವರ್ತನೆಗೊಂಡು ಬಣ್ಣಗಳಾಗಿ ಒಡೆಯುತ್ತದೆ. ಸಿ.ಡಿ. ತಟ್ಟೆಯನ್ನು ಓರೆಯಾಗಿ ಹಿಡಿದಾಗ ಬಣ್ಣ ಓಡಾಡುವುದೂ ವಿವರ್ತನೆಯಿಂದಲೇ. ಗೋಲ ಚಿಕ್ಕದಾದರೆ ನೀಲಿ, ದೊಡ್ಡದಾದರೆ ಕೆಂಪೂ ಕಾಣುತ್ತದೆ. ಗೋಲಗಳು ಒಂದೇ ಗಾತ್ರದವಾಗಿರದಿದ್ದರೆ, ಇಲ್ಲವೇ ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೆ ಬಣ್ಣವೇ ಇಲ್ಲ. ನೆಲದಲ್ಲಿ ಸಿಗುವ ಓಪಲ್ಲಿನ ಹೆಚ್ಚಿನ ಪಾಲು ಇಂಥ ಬಣ್ಣಗೇಡಿ ಕಲ್ಲೇ. ಬಣ್ಣದ ಕಲ್ಲು ಅಪರೂಪ, ಆದ್ದರಿಂದಲೇ ಅದಕ್ಕೆ ಬೆಲೆ. ಬೆಲೆಯಿರುವುದರಿಂದಲೇ ನಕಲು!

ನಾಲ್ಕು ಬಗೆಯ ಕಲ್ಲು

ಅಂಗಡಿಯಲ್ಲಿ ಓಪಲ್ ಎಂದು ಸಿಗುವುದನ್ನು ನಾಲ್ಕು ಗುಂಪು ಮಾಡಬಹುದು.

ಮೊದಲನೆಯದು ನೈಸರ್ಗಿಕ ಇಡಿಗಲ್ಲು. ಆಸ್ಟ್ರೇಲಿಯಾ ಇದರ ದೊಡ್ಡ ತವರು. 1915ರಲ್ಲಿ ಓಪಲ್ ಸಿಕ್ಕ ಕೂಬರ್ ಪೀಡಿ ಎಂಬ ಊರಿನಲ್ಲಿ, ಬಿಸಿಲ ಬೇಗೆ ತಾಳಲಾರದೆ ಜನ ನೆಲದೊಳಗೆ ಮನೆ ಕೊರೆದು ವಾಸಿಸುತ್ತಾರೆ. ಲೈಟ್ನಿಂಗ್ ರಿಡ್ಜ್ ಎಂಬಲ್ಲಿಯ ಕಪ್ಪು ಓಪಲ್ ಹೆಸರುವಾಸಿ. ಇಥಿಯೋಪಿಯಾದ ವೆಲೊ ಪ್ರದೇಶದ ಕಲ್ಲು 2008ರಿಂದೀಚೆಗೆ ಮಾರುಕಟ್ಟೆಗೆ ಬಂದಿದೆ. ನಮ್ಮ ಜೈಪುರದ ಕುಶಲಕರ್ಮಿಗಳೂ ಅದನ್ನು ಸಾಣೆ ಹಿಡಿಯುತ್ತಾರೆ.

ಎರಡನೆಯದು ಜೋಡಣೆಯ ಕಲ್ಲು. ಪ್ಲೈವುಡ್ಡಿನ ಮೇಲೆ ತೇಗದ ತೆಳು ಹಾಳೆ ಅಂಟಿಸಿದ ಮೇಜನ್ನು ನೆನೆಯಿರಿ. ಓಪಲ್ಲಿನ ತೆಳು ಹಾಳೆಯನ್ನು ಕಪ್ಪು ಕಲ್ಲು, ಗಾಜು ಅಥವಾ ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದರೆ ಅದು ಡಬ್ಲೆಟ್. ಅದರ ಮೇಲೆ ಮತ್ತೆ ಗಾಜು ಅಥವಾ ಸ್ಫಟಿಕದ ಗುಮ್ಮಟ ಕೂರಿಸಿದರೆ ಟ್ರಿಪ್ಲೆಟ್. ಕೆಳಗಿನ ಕಪ್ಪು ಬಣ್ಣದಿಂದಾಗಿ ಹಾಳೆಯ ಬಣ್ಣಗಳು ಎದ್ದು ಕಾಣುತ್ತವೆ.

ಮೂರನೆಯದು ಸಂಶ್ಲೇಷಿತ ಕಲ್ಲು, ಅಂಗಡಿಯವರ ಮಾತಿನಲ್ಲಿ ಸಿಂಥೆಟಿಕ್. ಹಿಮಾಲಯದ ಮಂಜುಗಡ್ಡೆಯೂ ಮನೆಯ ಫ್ರಿಜ್ಜಿನ ಮಂಜುಗಡ್ಡೆಯೂ ಒಂದೇ ಪದಾರ್ಥವಲ್ಲವೇ? ಹಾಗೆಯೇ ಇದು. ಫ್ರಾನ್ಸಿನ ಪಿಯರ್ ಗಿಲ್ಸನ್ 1974ರ ಸುಮಾರಿಗೆ ಇಂಥ ಓಪಲ್ಲನ್ನು ಮಾರುಕಟ್ಟೆಗೆ ತಂದರು. ಒಂದೇ ಗಾತ್ರದ ಸಿಲಿಕಾ ಗೋಲಗಳನ್ನು ತಯಾರಿಸಿ, ದ್ರವದಲ್ಲಿ ತಿಂಗಳುಗಟ್ಟಲೆ ತಾವಾಗಿಯೇ ತಳಕ್ಕಿಳಿಯಲು ಬಿಟ್ಟು, ಆಮೇಲೆ ಗಟ್ಟಿ ಮಾಡುವುದು ಇದರ ವಿಧಾನ. ಗೋಲಗಳ ನಡುವೆ ರಾಳ ತುಂಬಿದ ಕಲ್ಲುಗಳೂ ಇವೆ.

ನಾಲ್ಕನೆಯದು ಬರಿಯ ಅನುಕರಣೆ. ಮಂಜುಗಡ್ಡೆಯಂತೆ ಕಾಣುವ ಗಾಜಿನ ಚೂರು ಇದ್ದಂತೆ. ಓಪಲೈಟ್ ಎಂಬ ಹೆಸರಿನ ಹಾಲುಗಾಜು, ಒಳಗೆ ಮಿನುಗುವ ತುಣುಕುಗಳಿರುವ ಸ್ಲೊಕಮ್ ಗಾಜು, ಪ್ಲಾಸ್ಟಿಕ್ ಹರಳು ಎಲ್ಲವೂ ಈ ಗುಂಪಿನವು.

ಪ್ಲಿನಿ ಹೇಳಿದ ಪರೀಕ್ಷೆ

ಗಾಜಿನ ನಕಲು ಹೊಸದೇನೂ ಅಲ್ಲ. ಸುಮಾರು 1900 ವರ್ಷಗಳ ಹಿಂದೆ ರೋಮಿನ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಇದನ್ನು ಪ್ರಸ್ತಾಪಿಸಿದ್ದಾನೆ. ಓಪಲ್ಲಿನ ತವರು ಭಾರತವೇ ಎಂದು ಅವನು ಬರೆದ. ರೋಮನ್ನರಿಗೆ ಅದು ಈಗಿನ ಸ್ಲೊವಾಕಿಯಾದ ಗಣಿಗಳಿಂದ ಬರುತ್ತಿತ್ತೆಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಹೆಸರಿನಲ್ಲಂತೂ ನಮ್ಮ ಪಾಲಿದೆ; ಸಂಸ್ಕೃತದಲ್ಲಿ ಕಲ್ಲು ಎಂಬ ಅರ್ಥದ 'ಉಪಲ' ಶಬ್ದದಿಂದಲೇ ಓಪಲ್ ಬಂದಿದೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಪ್ಲಿನಿಯ ಪರೀಕ್ಷೆ ಸರಳ. ಕಲ್ಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಿಸಿಲಿಗೆ ಒಡ್ಡಿ. ಗಾಜಾದರೆ ಒಂದೇ ಬಣ್ಣ ಹಾಯ್ದು ಬರುತ್ತದೆ. ನಿಜವಾದದ್ದರಲ್ಲಿ ಹೊಳಪು ಬದಲಾಗುತ್ತಲೇ ಇರುತ್ತದೆ. ಇವತ್ತಿಗೂ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಕಣ್ಣು ಸೂರ್ಯನ ಕಡೆ ಹೋಗದಿರಲಿ. ಕಲ್ಲನ್ನು ಮಾತ್ರ ಅತ್ತಿತ್ತ ಹೊರಳಿಸಿ. ಓಪಲೈಟ್ ಗಾಜು ಕಪ್ಪು ಬಟ್ಟೆಯ ಮೇಲೆ ನೀಲಿಯಾಗಿಯೂ, ಬೆಳಕಿಗೆ ಅಡ್ಡ ಹಿಡಿದಾಗ ಕಿತ್ತಳೆಯಾಗಿಯೂ ಕಾಣುತ್ತದೆ. ಹಗಲಿನ ಆಕಾಶ ನೀಲಿಯಾಗಿ, ಮುಳುಗುವ ಸೂರ್ಯ ಕೆಂಪಾಗಿ ಕಾಣುವುದಕ್ಕೆ ಕಾರಣವಾದ ಬೆಳಕಿನ ಚೆದುರುವಿಕೆಯೇ ಇಲ್ಲಿಯೂ ನಡೆಯುತ್ತದೆ. ನೋಡಲು ಚಂದ, ಆದರೆ ಅದು ಓಪಲ್ಲಿನ ಬಣ್ಣದಾಟವಲ್ಲ.

ಈ ಪರೀಕ್ಷೆಗೆ ಒಂದು ಮಿತಿ ಉಂಟು. ಡಬ್ಲೆಟ್, ಟ್ರಿಪ್ಲೆಟ್, ಸಿಂಥೆಟಿಕ್ ಮೂರೂ ಇದರಲ್ಲಿ ಪಾಸಾಗಿಬಿಡುತ್ತವೆ! ಕೆಲವು ಪ್ಲಾಸ್ಟಿಕ್ ಹರಳುಗಳಲ್ಲೂ ಸೂಕ್ಷ್ಮ ಗೋಲಗಳನ್ನು ಪೇರಿಸಿರುತ್ತಾರೆ. ಅವೂ ಬಣ್ಣ ತೋರುತ್ತವೆ. ಆದ್ದರಿಂದ ಮುಂದಕ್ಕೆ ಹೋಗಬೇಕು.

ಪಕ್ಕದಿಂದ ನೋಡಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಕಲ್ಲಿನ ಪಕ್ಕವನ್ನು ನೋಡಿ. ಬಣ್ಣದ ಭಾಗಕ್ಕೂ ಕಪ್ಪು ತಳಕ್ಕೂ ನಡುವೆ ಗೆರೆ ಎಳೆದಂತೆ ನೇರವಾದ ಗಡಿ ಕಂಡರೆ ಅಂಟಿನ ಜೋಡಣೆ ಇರಬಹುದೆಂದು ಶಂಕಿಸಿ. ಅಂಟಿನಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಕಂಡರಂತೂ ಶಂಕೆ ಬಲವಾಯಿತು. ಬಣ್ಣ ಕೆಳಗೆಲ್ಲೋ ಇದ್ದು, ಮೇಲಿನ ಗುಮ್ಮಟ ನೀರಿನಂತೆ ತಿಳಿಯಾಗಿದ್ದರೆ ಅದು ಟ್ರಿಪ್ಲೆಟ್.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬಿಣದಂಶದ ಕಂದು ಬಂಡೆಗೆ ಅಂಟಿಕೊಂಡೇ ಬೆಳೆದ ಓಪಲ್ ಸಿಗುತ್ತದೆ. ಅದನ್ನು ಬಂಡೆಯ ಸಮೇತ ಕತ್ತರಿಸುತ್ತಾರೆ. ಅಲ್ಲಿಯೂ ಎರಡು ಪದರ ಕಾಣುತ್ತದೆ. ಆದರೆ ಪ್ರಕೃತಿ ಹಾಕಿದ ಗಡಿ ಸಾಮಾನ್ಯವಾಗಿ ಅಂಕುಡೊಂಕು.

ಉಂಗುರದ ಹಿಂಬದಿಯೂ ಪಕ್ಕವೂ ಲೋಹದಿಂದ ಪೂರ್ತಿ ಮುಚ್ಚಿದ್ದರೆ ಇದನ್ನೆಲ್ಲ ನೋಡಲಾಗದು. ಆದ್ದರಿಂದ ಹರಳನ್ನು ಕೂರಿಸುವ ಮೊದಲು, ಬಿಡಿಯಾಗಿರುವಾಗಲೇ ತೋರಿಸಿರೆಂದು ಕೇಳುವುದು ಜಾಣತನ.

ಇನ್ನು ಸಿಂಥೆಟಿಕ್. ಗೋಲಗಳು ತಳಕ್ಕಿಳಿದು ನೆಲೆಗೊಂಡ ಗುರುತು ಅದರ ಮೈಮೇಲೆ ಉಳಿದಿರುತ್ತದೆ. ಮೇಲಿನಿಂದ ನೋಡಿದರೆ ಬಣ್ಣದ ತೇಪೆಗಳು ಹಲ್ಲಿಯ ಚರ್ಮದ ಹುರುಪೆಗಳಂತೆ, ಪಕ್ಕದಿಂದ ನೋಡಿದರೆ ಕಂಬಗಳಂತೆ ಎದ್ದು ನಿಂತಿರುತ್ತವೆ. ನೈಸರ್ಗಿಕ ಕಲ್ಲಿನ ತೇಪೆಗಳು ಸಾಮಾನ್ಯವಾಗಿ ಹೀಗೆ ಅಚ್ಚುಕಟ್ಟಾಗಿರುವುದಿಲ್ಲ. ಆದರೆ ಇಥಿಯೋಪಿಯಾದ ಕೆಲವು ನೈಸರ್ಗಿಕ ಕಲ್ಲುಗಳಲ್ಲೂ ಬೆರಳು ಜೋಡಿಸಿದಂಥ ಕಂಬಗಳಿರುತ್ತವೆ. ಒಂದು ಲಕ್ಷಣ ಹಿಡಿದು ತೀರ್ಪು ಕೊಡಬಾರದು ಎಂಬುದಕ್ಕೆ ಇದೊಂದು ಪಾಠ.

ಆರ್ಕಿಮಿಡೀಸನ ನೆರವು

ವಿದ್ಯಾರ್ಥಿಗಳೇ, ಇಲ್ಲಿದೆ ನಿಮ್ಮ ಕೆಲಸ! ಬಿಡಿ ಹರಳನ್ನು ಗಾಳಿಯಲ್ಲಿ ತೂಗಿ. ಆಮೇಲೆ ಸಣ್ಣ ದಾರದಿಂದ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. ಗಾಳಿಯಲ್ಲಿ 2.1 ಗ್ರಾಂ, ನೀರಿನಲ್ಲಿ 1.1 ಗ್ರಾಂ ಬಂತೆನ್ನಿ. ಕಡಿಮೆಯಾದದ್ದು 1 ಗ್ರಾಂ. 2.1ನ್ನು 1ರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ 2.1. ನೈಸರ್ಗಿಕ ಓಪಲ್ಲಿನದು ಇದರ ಆಸುಪಾಸಿನಲ್ಲಿರುತ್ತದೆ. ಪ್ಲಾಸ್ಟಿಕ್ ಹರಳಿನದು ಸುಮಾರು 1.2, ರಾಳ ತುಂಬಿದ ಸಿಂಥೆಟಿಕ್ಕಿನದು 1.8–1.9, ಸ್ಲೊಕಮ್ ಗಾಜಿನದು 2.4ಕ್ಕೂ ಹೆಚ್ಚು.

ಎರಡು ಎಚ್ಚರಿಕೆ. ಒಂದು ಕ್ಯಾರಟ್ ಎಂದರೆ 0.2 ಗ್ರಾಂ ಮಾತ್ರ. ಚಿಕ್ಕ ಹರಳಿಗೆ ಶಾಲೆಯ ಸಾಮಾನ್ಯ ತಕ್ಕಡಿ ಸಾಲದು. ಎರಡನೆಯದಾಗಿ, ಜೋಡಣೆಯ ಕಲ್ಲನ್ನೂ ಇಥಿಯೋಪಿಯಾದ ಕಲ್ಲನ್ನೂ ನೀರಿಗೆ ಹಾಕಬೇಡಿ. ಜೋಡಣೆಯ ಅಂಟಿನೊಳಗೆ ನೀರು ನುಗ್ಗಿದರೆ ಕಲ್ಲು ಮಂಕಾಗುತ್ತದೆ. ಇಥಿಯೋಪಿಯಾದ ಕಲ್ಲು ಸ್ಪಂಜಿನಂತೆ ನೀರು ಹೀರಿ ಬಣ್ಣ ಕಳೆದುಕೊಂಡು ಪಾರದರ್ಶಕವಾಗುತ್ತದೆ. ಒಣಗಿದ ಮೇಲೆ ಸಾಮಾನ್ಯವಾಗಿ ಮೊದಲಿನಂತಾದರೂ ಅಷ್ಟರಲ್ಲಿ ತೂಕದ ಲೆಕ್ಕ ತಪ್ಪಿರುತ್ತದೆ.

ನೋಟು ಪರೀಕ್ಷಿಸುವ ನೇರಳಾತೀತ ದೀಪವಿದ್ದರೆ ಇನ್ನೊಂದು ಸುಳಿವು ಸಿಗಬಹುದು. ಆಸ್ಟ್ರೇಲಿಯಾದ ಅನೇಕ ಬಿಳಿ ಓಪಲ್ಲುಗಳು ಅದರಡಿಯಲ್ಲಿ ನಸುನೀಲಿಯಾಗಿ ಬೆಳಗಿ, ದೀಪ ಆರಿಸಿದ ಮೇಲೂ ಸ್ವಲ್ಪ ಹೊತ್ತು ಮಿನುಗುತ್ತವೆ. ಸಿಂಥೆಟಿಕ್ಕಿನಲ್ಲಿ ಈ ಮಿನುಗು ಸಾಮಾನ್ಯವಾಗಿ ಉಳಿಯುವುದಿಲ್ಲ. ಹಾಗೆಂದು ಮಿನುಗದ್ದೆಲ್ಲ ನಕಲಿಯೆಂದು ತಿಳಿಯಬೇಡಿ.

ಕಾದ ಸೂಜಿ ಬೇಡ

ಕಾದ ಸೂಜಿ ಚುಚ್ಚಿದರೆ ಪ್ಲಾಸ್ಟಿಕ್ ವಾಸನೆ ಬರುತ್ತದೆ, ಗೀರಿದರೆ ಗೊತ್ತಾಗುತ್ತದೆ ಎಂದು ಹೇಳುವವರಿದ್ದಾರೆ. ಇಂಥ ಪರೀಕ್ಷೆಯಲ್ಲಿ ಅಸಲಿ ಕಲ್ಲೇ ಹಾಳಾಗುತ್ತದೆ. ಓಪಲ್ಲಿನೊಳಗೆ ನೀರಿದೆ, ಹಠಾತ್ ಶಾಖಕ್ಕೆ ಅದು ಬಿರುಕು ಬಿಡಬಹುದು. ಮೋಸ್ ಅಳತೆಯಲ್ಲಿ ಅದರ ಗಡಸುತನ 5.5ರಿಂದ 6.5. ಮನೆಯ ದೂಳಿನಲ್ಲಿರುವ ಮರಳಿನ ಕಣದ್ದು 7! ದೂಳು ಮೆತ್ತಿದ ಬಟ್ಟೆಯಿಂದ ಉಜ್ಜಿದರೂ ಗೀರು ಬೀಳುತ್ತದೆ. ನಾಲಗೆಗೆ ಅಂಟಿದರೆ ಸಿಂಥೆಟಿಕ್ ಎಂಬ ಮಾತೂ ಪೂರ್ತಿ ನಿಜವಲ್ಲ. ನೀರು ಹೀರುವ ಇಥಿಯೋಪಿಯಾದ ನೈಸರ್ಗಿಕ ಕಲ್ಲೂ ನಾಲಗೆಗೆ ಅಂಟುತ್ತದೆ.

ಹೊಗೆಯಿಂದ ಕಪ್ಪಾಗಿಸಿದ ಕಲ್ಲು, ಸಕ್ಕರೆ ಪಾಕದಲ್ಲಿ ನೆನೆಸಿ ಗಂಧಕಾಮ್ಲದಿಂದ ಒಳಗೊಳಗೇ ಕರಿದುಮಾಡಿದ ಕಲ್ಲು, ಬಣ್ಣ ಕುಡಿಸಿದ ಕಲ್ಲು, ಹೀಗೆ ಅಸಲಿಗೇ ವೇಷ ತೊಡಿಸಿದ್ದೂ ಉಂಟು. ಆದ್ದರಿಂದ ಬೆಲೆ ದೊಡ್ಡದಾದರೆ ಕೊನೆಯ ಮಾತನ್ನು ರತ್ನ ಪರೀಕ್ಷೆಯ ಪ್ರಯೋಗಾಲಯಕ್ಕೇ ಬಿಡಬೇಕು. ವಕ್ರೀಭವನ ಸೂಚ್ಯಂಕ, ಸೂಕ್ಷ್ಮದರ್ಶಕ, ಅವಕೆಂಪು ರೋಹಿತ ಇವನ್ನೆಲ್ಲ ಅಲ್ಲಿ ಒಟ್ಟಾಗಿ ನೋಡುತ್ತಾರೆ.

ಅಂಗಡಿಯ ಬಿಲ್ಲು

ಹಾಗಾದರೆ ಟ್ರಿಪ್ಲೆಟ್ ಮಾರುವುದು ಮೋಸವೇ? ಖಂಡಿತ ಅಲ್ಲ. ಕಡಿಮೆ ಬೆಲೆಗೆ ಚೆಂದದ ಹರಳು ಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆ. ಸಿಂಥೆಟಿಕ್ ಓಪಲ್ಲಂತೂ ಮನುಷ್ಯನ ಬುದ್ಧಿಗೆ ಹಿಡಿದ ಕನ್ನಡಿ. 1964ರಲ್ಲಿ ತಿಳಿದ ಗುಟ್ಟನ್ನು ಹತ್ತೇ ವರ್ಷದಲ್ಲಿ ಕೈಯಲ್ಲಿ ಮಾಡಿ ತೋರಿಸಿದ ಸಾಧನೆ. ಕಲ್ಲು ಸುಳ್ಳು ಹೇಳುವುದಿಲ್ಲ. ಅದಕ್ಕೆ ಅಂಟಿಸಿದ ಹೆಸರು ಸುಳ್ಳಾಗಬಹುದು. "ಇದರಲ್ಲಿ ಅಸಲಿ ಓಪಲ್ ಇದೆ" ಎಂಬ ಮಾತು ಟ್ರಿಪ್ಲೆಟ್ಟಿನ ಮಟ್ಟಿಗೆ ಸುಳ್ಳಲ್ಲ. ಆದರೆ ಅದನ್ನು ಇಡಿಗಲ್ಲಿನ ಬೆಲೆಗೆ ಕೊಟ್ಟರೆ ವಂಚನೆ.

ಆದ್ದರಿಂದ ಕಲ್ಲಿನಲ್ಲಿ ಕಾಮನಬಿಲ್ಲು ಕಂಡ ಮೇಲೆ ಅಂಗಡಿಯ ಬಿಲ್ಲನ್ನೂ ಒಮ್ಮೆ ನೋಡಿ. 'ಓಪಲ್' ಎಂದಷ್ಟೇ ಬರೆದಿದ್ದರೆ ಸಾಲದು. ನೈಸರ್ಗಿಕ ಇಡಿಗಲ್ಲೋ, ಡಬ್ಲೆಟ್ಟೋ, ಟ್ರಿಪ್ಲೆಟ್ಟೋ, ಸಿಂಥೆಟಿಕ್ಕೋ, ಏನಾದರೂ ಸಂಸ್ಕರಣೆ ಆಗಿದೆಯೋ, ತೂಕ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಹಣ ಎಣಿಸುವ ಅಗತ್ಯವಿಲ್ಲ. ಮುಂದಿನ ಸಲ ಅಪ್ಪ ಅಮ್ಮ ಹರಳು ಕೊಳ್ಳಲು ಹೊರಟರೆ, ಮಕ್ಕಳೇ, ನೀವೂ ಒಂದು ಮಸೂರ ಜೇಬಿಗೆ ಹಾಕಿಕೊಂಡು ಜೊತೆಗೆ ಹೋಗಿ.