ಗೆದ್ರಾ, ಸೋತ್ರಾ ಅಂತ ಮಾತ್ರ ಕೇಳಬೇಡಿ

ಕಾಲೇಜಿಗೆ ಫುಟ್ಬಾಲ್ ಆಡುವ ಮಗ ಪಂದ್ಯ ಮುಗಿಸಿ ಬಂದರೆ ನಮ್ಮ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ, ‘ಗೆದ್ರಾ, ಸೋತ್ರಾ?’ ಸೋತೆವು ಅಂದರೆ ಮುಂದಿನ ಮಾತೂ ತಯಾರಿರುತ್ತದೆ: ‘ಸಾಕು, ಇನ್ನು ಓದಿನ ಕಡೆ ನೋಡು.’ ರವೀಂದ್ರನಗರದ ನಮ್ಮವರಲ್ಲೂ ಇದೇ ಕಥೆ. ಓದು ಮುಖ್ಯ, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಎರಡು ವರ್ಷ ಬೆಳಗ್ಗೆ ಎದ್ದು ಕಲಿತದ್ದನ್ನು ಒಂದು ದಿನದ ಸ್ಕೋರ್ ನೋಡಿ ನಿಲ್ಲಿಸುವುದು ಯಾವ ಲೆಕ್ಕ?

ಅಂತರ ಕಾಲೇಜು ಟೂರ್ನಿಗಳು ಹೆಚ್ಚಾಗಿ ನಾಕೌಟ್. ಮೊದಲ ಪಂದ್ಯದಲ್ಲೇ ಬಲಿಷ್ಠ ತಂಡ ಎದುರಾಯಿತೋ, ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಪದವಿ ಮುಗಿಸಿ ಹಳಬರು ಪ್ರತಿವರ್ಷ ಹೊರಡುತ್ತಾರೆ, ಹೊಸಬರು ಬರುತ್ತಾರೆ. ಇಂಥ ತಂಡದ ಸೋಲು ಗೆಲುವಿನ ಪಟ್ಟಿ ಎಷ್ಟು ಹೇಳೀತು? ವಿಶ್ವವಿದ್ಯಾಲಯದ ತಂಡ ಕಟ್ಟುವಾಗಲೂ ಬೇರೆ ಬೇರೆ ಕಾಲೇಜುಗಳ ಹುಡುಗರನ್ನು ಆರಿಸುತ್ತಾರೆ. ಸೋತ ಕಾಲೇಜಿನ ಒಳ್ಳೆಯ ಆಟಗಾರನಿಗೂ ಅಲ್ಲಿ ಬಾಗಿಲಿದೆ.

ದೊಡ್ಡ ಉದಾಹರಣೆಯೊಂದು ಬೇಕಾದರೆ ನಮ್ಮ ದೇಶದ ತಂಡವನ್ನೇ ನೋಡಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 1-10ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮವರಲ್ಲಿ ಹಲವರು ಬರಿಗಾಲಲ್ಲೇ ಆಡಿದ್ದರು. ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು. ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಮೂಲತಃ ಶಾಲಾ ಮೇಷ್ಟ್ರು. ಹತ್ತು ಗೋಲು ತಿಂದ ತಂಡದ ಕೋಚನ್ನು ಯಾರೂ ಮನೆಗೆ ಕಳಿಸಲಿಲ್ಲ.

ನಾಲ್ಕು ವರ್ಷದ ನಂತರ, 1956ರ ಮೆಲ್ಬರ್ನ್ ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಅರ್ಧ ಹೊತ್ತಿನವರೆಗೆ 0-0. ಆಮೇಲೆ ಮೊದಲ ಗೋಲು ಹೊಡೆದದ್ದೂ ಭಾರತವೇ, ನೆವಿಲ್ ಡಿಸೋಜಾ ಕಾಲಿಂದ. ಕೊನೆಗೆ 1-4ರ ಸೋಲು. ದಾಖಲೆ ಪುಸ್ತಕದಲ್ಲಿ ಎರಡೂ ಸೋಲೇ. ಆದರೆ ಹತ್ತು ಗೋಲು ತಿಂದವರು ಅದೇ ಎದುರಾಳಿಯನ್ನು ಅರ್ಧ ಆಟ ತಡೆದು ನಿಲ್ಲಿಸಿದ್ದರಲ್ಲ, ಅದು ಪಟ್ಟಿಯಲ್ಲಿ ಎಲ್ಲಿ ಕಾಣುತ್ತದೆ? 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಚಿನ್ನ ತಂದದ್ದೂ ಇದೇ ರಹೀಮ್ ಸಾಹೇಬರ ತಂಡ. ಆ ಚಿನ್ನ ಎಲ್ಲರಿಗೂ ನೆನಪಿದೆ, ನಡುವಿನ ವರ್ಷಗಳು ನೆನಪಿಲ್ಲ.

ಹಾಗಾದರೆ ಮಗನ ತಂಡವನ್ನು ಅಳೆಯುವುದು ಹೇಗೆ? ಸ್ಪರ್ಧೆ ಇಲ್ಲದ ತಿಂಗಳಲ್ಲಿ ಅಭ್ಯಾಸಕ್ಕೆ ಎಷ್ಟು ಜನ ಬರುತ್ತಾರೆ, ಕೇಳಿ. ಹೋದ ವರ್ಷ ಐದು ಗೋಲು ಬಿಟ್ಟುಕೊಟ್ಟ ತಂಡದೆದುರು ಈ ವರ್ಷ ಎಷ್ಟು ಬಿಟ್ಟರು? ಮೊದಲ ವರ್ಷದ ಹುಡುಗರಿಗೆ ಆಡಲು ಸಿಗುತ್ತಿದೆಯೋ, ಅದೇ ಹನ್ನೊಂದು ಜನರೋ? ಒಂದು ದಿನ ನೀವೇ ಮೈದಾನಕ್ಕೆ ಹೋಗಿ, ಆಟದ ಕೊನೆಯ 15 ನಿಮಿಷ ನೋಡಿ. ಕಾಲು ಸೋತ ಹೊತ್ತಿನಲ್ಲೂ ಚೆಂಡನ್ನು ಸುಮ್ಮನೆ ಮೇಲಕ್ಕೆ ಒದೆಯದೆ ಪಕ್ಕದವನಿಗೆ ಪಾಸ್ ಕೊಡುತ್ತಾರಾ? ಗೋಲು ತಿಂದ ಮೇಲೆ ಗೋಲಿಯನ್ನು ಬೈಯುತ್ತಾರಾ, ಬೆನ್ನು ತಟ್ಟುತ್ತಾರಾ?

ಒಂದೆರಡು ವಿಷಯದಲ್ಲಿ ಮನೆಯವರು ಗಟ್ಟಿಯಾಗಿರಲೇಬೇಕು. ಗಾಯ ಮುಚ್ಚಿಟ್ಟು ಆಡುವ ಹಾಗಿಲ್ಲ, ರೆಫರಿ ಜೊತೆ ಜಗಳ ಇಲ್ಲ, ಆಟದ ಹೆಸರಲ್ಲಿ ಹಾಜರಾತಿ ಕಡಿಮೆಯಾಗುವ ಹಾಗಿಲ್ಲ. ಇದನ್ನು ಸೀಸನ್ ಶುರುವಾಗುವ ಮೊದಲೇ ಮಗನ ಹತ್ತಿರವೂ, ಕಾಲೇಜಿನ ದೈಹಿಕ ಶಿಕ್ಷಣ ಮೇಷ್ಟ್ರ ಹತ್ತಿರವೂ ಮಾತಾಡಿಟ್ಟುಕೊಳ್ಳಿ.