ಮೇ ತಿಂಗಳ ಗುದ್ದಲಿ, ಜುಲೈ ತಿಂಗಳ ಗುದ್ದಲಿ

ಮುಂಬಯಿಯ ಚೆಂಬೂರಿನಲ್ಲಿ ತರಕಾರಿ ಬೆಳೆಯಲು ಒಂದಿಷ್ಟು ನೆಲ ಸಿಗುವುದೇ ಭಾಗ್ಯ. ಹೌಸಿಂಗ್ ಸೊಸೈಟಿಯ ಹಿತ್ತಿಲಲ್ಲಿ ಒಂದು ಪಟ್ಟಿ, ಹಳೆಯ ಬಂಗಲೆಯ ಕಾಂಪೌಂಡಿನ ಮೂಲೆ, ಇಲ್ಲವೇ ಹಳಿಯ ಬದಿಯಲ್ಲಿ ‘ಗ್ರೋ ಮೋರ್ ಫುಡ್’ ಯೋಜನೆಯಡಿ ರೈಲ್ವೆ ನೌಕರರಿಗೆ ಹಿಂದೆ ಸಾಗುವಳಿಗೆ ಕೊಡುತ್ತಿದ್ದಂಥ ಜಾಗ. ಊರಿನಿಂದ ಬಂದು ನೆಲೆಸಿದ ನಮ್ಮವರಿಗೆ ಅಷ್ಟು ನೆಲ ಸಿಕ್ಕರೂ ಮೊದಲು ನೆನಪಾಗುವುದು ಬಸಳೆ, ಹರಿವೆ, ಅಲಸಂಡೆ, ಪತ್ರೊಡೆಗೆ ಕೆಸು. ಮಳೆ ಹಿಡಿದ ಮೇಲೆ ಹುಲ್ಲು ಕೆತ್ತಿ, ಅಗೆದು, ಹದ ಮಾಡಿ ಬೀಜ ಹಾಕುತ್ತಾರೆ. ಎರಡು ವಾರದಲ್ಲಿ ಹರಿವೆಗಿಂತ ಮುಂಚೆ ಹುಲ್ಲು ಎದ್ದಿರುತ್ತದೆ, ಅದೂ ಮೊದಲಿಗಿಂತ ದಟ್ಟವಾಗಿ. ಬೀಜದ್ದೂ ಗೊಬ್ಬರದ್ದೂ ತಪ್ಪಿಲ್ಲ. ಹಸಿ ಮಣ್ಣಿನಲ್ಲಿ ಅಗೆದದ್ದೇ ಹುಲ್ಲಿಗೆ ಬಿತ್ತನೆಯಾಯಿತು.

ಹೀಗೆ ಏಳುವ ಹುಲ್ಲುಗಳಲ್ಲಿ ಎರಡನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಬೇಕು. ಒಂದು ಗರಿಕೆ, ಮರಾಠಿ ನೆರೆಯವರ ಹರಾಳಿ. ಇನ್ನೊಂದು ಕೊನ್ನಾರಿ, ತುಂಗೆ, ಭದ್ರಮುಷ್ಟಿ ಎಂದೂ ಕರೆಯುತ್ತೇವೆ, ಮರಾಠಿಯಲ್ಲಿ ಲವ್ಹಾಳಾ. ಕೊನ್ನಾರಿ ನಿಜವಾಗಿ ಹುಲ್ಲಿನ ಕುಟುಂಬದ್ದಲ್ಲ, ಜೇಕಿನ ಕುಟುಂಬದ್ದು. ಅದರ ಹೂದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆಗಳು ತಾಗುತ್ತವೆ. ಹುಲ್ಲಿನ ದಂಟು ಹಾಗಿರುವುದಿಲ್ಲ. 1977ರಲ್ಲಿ ಲೆರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊನ್ನಾರಿಗೆ ಸಿಕ್ಕಿತು, ಎರಡನೆಯದು ಗರಿಕೆಗೆ. ಕೊನ್ನಾರಿ 92 ದೇಶಗಳಲ್ಲಿ, 52 ಬೆಳೆಗಳಲ್ಲಿ ಕಳೆ ಎಂದು ಅವರು ದಾಖಲಿಸಿದ್ದರು. ಗಣೇಶನಿಗೆ ಏರಿಸುವ ಗರಿಕೆಯೇ ಆ ಪಟ್ಟಿಯಲ್ಲಿ ಎರಡನೆಯದಾಗಿರುವುದು ನನಗೆ ವಿಚಿತ್ರವೆನಿಸುವುದಿಲ್ಲ. ಎಲ್ಲಿ ತುಂಡಾದರೂ ಅಲ್ಲಿಂದ ಚಿಗುರುವ ಅದರ ಶಕ್ತಿಯನ್ನು ಕಂಡೇ ಹಿರಿಯರು ಅದನ್ನು ಪೂಜೆಗೆ ತಂದಿರಬೇಕು.

ಗರಿಕೆ ನೆಲದ ಮೇಲೂ ಕೆಳಗೂ ಕಾಂಡ ಹರಿಸುತ್ತದೆ, ಗಿಣ್ಣುಗಿಣ್ಣಿನಲ್ಲೂ ಮೊಗ್ಗು. ಗುದ್ದಲಿ ಅದನ್ನು ಇಪ್ಪತ್ತು ತುಂಡು ಮಾಡಿದರೆ ತೇವವಿರುವ ಮಣ್ಣಿನಲ್ಲಿ ಇಪ್ಪತ್ತೂ ಗಿಡವಾಗಬಹುದು. ಕೊನ್ನಾರಿಯದು ಇನ್ನೂ ಆಳದ ಲೆಕ್ಕ. ಅದರ ಗಡ್ಡೆಗಳು ಸಣ್ಣ ದಾರದಂಥ ಕಾಂಡದಲ್ಲಿ ಪೋಣಿಸಿದಂತೆ ಇರುತ್ತವೆ, ಬಹುಪಾಲು ಮೇಲಿನ ಹದಿನೈದು ಸೆಂಟಿಮೀಟರ್ ಮಣ್ಣಿನಲ್ಲಿ. ಸರದಲ್ಲಿ ಒಂದು ಚಿಗುರಿದಾಗ ಉಳಿದವು ಸುಮ್ಮನಿರುತ್ತವೆ. ಸರ ಕಡಿದರೆ ಆ ತಡೆ ತಪ್ಪಿ ಒಂದೊಂದೂ ಏಳುತ್ತದೆ. ಪ್ರತಿ ಗಡ್ಡೆಯಲ್ಲೂ ಹಲವು ಮೊಗ್ಗುಗಳಿರುವುದರಿಂದ ಎಲೆಯನ್ನು ಮಾತ್ರ ಕಿತ್ತರೆ ಮತ್ತೊಂದು ಮೊಗ್ಗು ತಲೆಯೆತ್ತುತ್ತದೆ.

ಆದರೆ ಪ್ರತಿ ಚಿಗುರಿಗೂ ಗಡ್ಡೆಯಲ್ಲಿ ಕೂಡಿಟ್ಟ ಪಿಷ್ಟ ಖರ್ಚಾಗುತ್ತದೆ. ಎಲೆ ಐದಾರು ಆಗುವವರೆಗೆ ಖರ್ಚೇ ಹೆಚ್ಚು. ಆಮೇಲೆ ಬಿಸಿಲು ಕಾಯ್ದು ಕೆಳಗೆ ಹೊಸ ಗಡ್ಡೆ ಕಟ್ಟತೊಡಗುತ್ತದೆ. ಕೀಳಬೇಕಾದದ್ದು ಅದಕ್ಕೆ ಮುಂಚೆ. 1930ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಸಂಶೋಧಕರು ಮೂರು ವಾರ ಮೀರದಂತೆ ಮತ್ತೆಮತ್ತೆ ಉತ್ತು, ಎರಡು ಹಂಗಾಮುಗಳಲ್ಲಿ ಕೊನ್ನಾರಿಯನ್ನು ನಿರ್ಮೂಲ ಮಾಡಿ ತೋರಿಸಿದರು. ಒಂದೇ ಸಲ ಭರ್ಜರಿಯಾಗಿ ಅಗೆದು, ಎರಡು ತಿಂಗಳು ಅತ್ತ ತಿರುಗಿ ನೋಡದಿದ್ದರೆ ಆಗುವುದು ಇದಕ್ಕೆ ತದ್ವಿರುದ್ಧ.

ಮುಂಬಯಿಯ ಹವೆ ಇಲ್ಲಿ ನಮ್ಮ ಪರವಾಗಿದೆ. ನವೆಂಬರಿನಿಂದ ಮೇ ಕೊನೆಯವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಬಯಲುಸೀಮೆಯ ರೈತರು ಮಾಗಿ ಉಳುಮೆ ಮಾಡುವ ಉದ್ದೇಶಗಳಲ್ಲಿ ಇದೂ ಒಂದು: ಒಣ ಮಣ್ಣನ್ನು ಹೆಂಟೆ ಹೆಂಟೆಯಾಗಿ ಮಗುಚಿದರೆ ಗರಿಕೆಯ ಬೇರುಕಾಂಡವೂ ಕೊನ್ನಾರಿಯ ಗಡ್ಡೆಯೂ ಬಿಸಿಲಿಗೆ ಬಿದ್ದು ಒಣಗುತ್ತವೆ. ಗಡ್ಡೆಯ ತೇವಾಂಶ ಶೇ. 15ಕ್ಕಿಂತ ಕೆಳಗಿಳಿದರೆ ಅದು ಮತ್ತೆ ಚಿಗುರುವುದಿಲ್ಲ. ಹಾಗಾಗಿ ಅಗೆತ ಏಪ್ರಿಲ್-ಮೇ ತಿಂಗಳಿನಲ್ಲೇ ಮುಗಿಯಬೇಕು. ನೀರು ಹಾಕದೆ ಅಗೆದು, ಕೆಲವು ದಿನಗಳಿಗೊಮ್ಮೆ ಮಗುಚಿ, ಕಣ್ಣಿಗೆ ಬಿದ್ದ ಗಡ್ಡೆ ಮತ್ತು ಕಾಂಡಗಳನ್ನು ಆರಿಸಬೇಕು. ಅದೇ ಗುದ್ದಲಿಯನ್ನು ಜುಲೈಯಲ್ಲಿ ಹಾಕಿದರೆ ಕಳೆಯನ್ನು ನಾಟಿ ಮಾಡಿದಂತೆ.

ಮಳೆ ಹಿಡಿದ ಮೇಲೆ ಕೆಲಸಕ್ಕೆ ಬರುವುದು ನೆರಳು. ಇದರ ಹಿಂದಿನ ವಿಜ್ಞಾನ ಸೊಗಸಾದದ್ದು. ಎಲೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವ ರುಬಿಸ್ಕೊ. ಸೆಕೆ ಏರಿದಂತೆ ಅದು ತಪ್ಪಿ ಆಮ್ಲಜನಕವನ್ನು ಹಿಡಿಯುವುದು ಹೆಚ್ಚಾಗಿ, ಗಿಡದ ಗಳಿಕೆಯಲ್ಲಿ ಒಂದು ಪಾಲು ಪೋಲಾಗುತ್ತದೆ. ಬೆಂಡೆ, ಬದನೆ, ಟೊಮೆಟೊ, ಅಲಸಂಡೆಗಳಿಗೆ ಈ ನಷ್ಟ ತಪ್ಪಿದ್ದಲ್ಲ. ಗರಿಕೆ, ಕೊನ್ನಾರಿಗಳು ಇಂಗಾಲವನ್ನು ಮೊದಲು ನಾಲ್ಕು ಇಂಗಾಲದ ಪರಮಾಣುಗಳಿರುವ ಆಮ್ಲವಾಗಿ ಕಟ್ಟಿ, ಎಲೆಯ ಒಳಕೋಶಗಳಿಗೆ ಸಾಗಿಸಿ, ರುಬಿಸ್ಕೊ ಸುತ್ತ ದಟ್ಟೈಸುವಂತೆ ಬಿಡಿಸಿಕೊಡುತ್ತವೆ. ಸಿ-4 ಎಂಬ ಈ ದಾರಿಯನ್ನು 1966ರಲ್ಲಿ ಕಬ್ಬಿನ ಎಲೆಯಲ್ಲಿ ವಿವರಿಸಿದವರು ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿದ್ದ ಹ್ಯಾಚ್ ಮತ್ತು ಸ್ಲ್ಯಾಕ್. ಈ ಏರ್ಪಾಟಿಗೆ ಹೆಚ್ಚುವರಿ ಶಕ್ತಿ ಬೇಕು, ಆ ಶಕ್ತಿ ಬಿಸಿಲಿನಿಂದಲೇ ಬರಬೇಕು. ಬಿಸಿಲಲ್ಲಿ ಗೆಲ್ಲಿಸುವ ಏರ್ಪಾಟೇ ನೆರಳಲ್ಲಿ ಹೊರೆಯಾಗುತ್ತದೆ. ನೆರಳಿನಲ್ಲಿ ಕೊನ್ನಾರಿ ಕಟ್ಟುವ ಗಡ್ಡೆಗಳ ಸಂಖ್ಯೆಯೂ ತೀರ ಇಳಿಯುತ್ತದೆ. ನಮ್ಮ ತರಕಾರಿಗಳಲ್ಲಿ ಹರಿವೆಯೂ ಸಿ-4 ಗಿಡ. ಒತ್ತಾಗಿ ಬಿತ್ತಿದ ಹರಿವೆ ಹುಲ್ಲಿನ ಎದುರು ನಿಲ್ಲುವುದಕ್ಕೆ ಇದೊಂದು ಕಾರಣ.

ಆದ್ದರಿಂದ ಹೊಸ ನೆಲದ ಮೊದಲ ಮಳೆಗಾಲಕ್ಕೆ ಟೊಮೆಟೊ, ಮೆಣಸು ಬೇಡವೆಂದೇ ನನ್ನ ಅಭಿಪ್ರಾಯ. ಕೆಸು, ಗೆಣಸು, ಅಲಸಂಡೆ, ಬಸಳೆ ಚಪ್ಪರ ಇರಲಿ. ಕೆಸುವಿನ ಅಗಲ ಎಲೆ, ಗೆಣಸಿನ ಬಳ್ಳಿ, ಬಸಳೆ ಚಪ್ಪರದ ಕೆಳಗಿನ ಮಬ್ಬು ಗರಿಕೆಗೆ ಆಗಿಬರುವುದಿಲ್ಲ. ಅವು ಮುಚ್ಚಿಕೊಳ್ಳುವವರೆಗಿನ ಒಂದೆರಡು ತಿಂಗಳು ವಾರಕ್ಕೊಮ್ಮೆ ಕೈಯಿಂದ ಕೀಳಲೇಬೇಕು.

ಬೆಳೆ ಇಲ್ಲದ ಜಾಗಕ್ಕೆ ಹೊದಿಕೆ ಹಾಕಬಹುದು. ರಟ್ಟನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸಿದರೆ ಗರಿಕೆ ಸೊರಗುತ್ತದೆ, ಆದರೆ ಮುಂಬಯಿ ಮಳೆಗೆ ರಟ್ಟು ಬೇಗ ಕೊಳೆಯುತ್ತದೆ. ಕೊನ್ನಾರಿಯ ಚೂಪು ಮೊಳಕೆಯಂತೂ ತೆಳು ಪ್ಲಾಸ್ಟಿಕ್ಕನ್ನೂ ತೂರಿ ಬರುತ್ತದೆ. ಇಸ್ರೇಲಿನ ಜಾಕೋವ್ ಕಟಾನ್ 1976ರಲ್ಲಿ ಪ್ರಕಟಿಸಿದ ವಿಧಾನವೂ ಇದೆ: ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಬಿಗಿದು ನಾಲ್ಕಾರು ವಾರ ಬಿಸಿಲಿಗೆ ಬೇಯಿಸುವುದು. ಬೀಜಗಳಿಗೆ ಅದು ಒಳ್ಳೆಯ ಮದ್ದು. ಆಳದ ಗಡ್ಡೆಗಳು ಉಳಿದುಬಿಡುತ್ತವೆ.

ಗ್ಲೈಫೊಸೇಟ್ ಹೊಡೆಯುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿದೆ. ಮಕ್ಕಳು ಆಡುವ ಸೊಸೈಟಿ ಅಂಗಳದಲ್ಲಿ, ನಾಲ್ಕು ಮಡಿ ಹರಿವೆಗಾಗಿ, ಅದು ಬೇಡವೇ ಬೇಡ.

ಆಫ್ರಿಕದಿಂದ ಮೇವಿಗೆಂದು ಬಂದ ಗಿನಿ ಹುಲ್ಲು ಕಂಡರೆ ಹೆದರಬೇಕಿಲ್ಲ. ಅದು ಬುಡ ಕಟ್ಟಿ ಬೆಳೆಯುವುದರಿಂದ, ಬೀಜವಾಗುವ ಮುಂಚೆ ಬುಡ ಸಮೇತ ಎಬ್ಬಿಸಿದರೆ ಸಾಕು. ಅಂಚಿನ ಕಡೆ ಹೆಚ್ಚು ಎಚ್ಚರ ಬೇಕು. ಪಕ್ಕದ ಲಾನ್ ಹೆಚ್ಚಾಗಿ ಗರಿಕೆಯ ತಳಿಯೇ ಆಗಿರುತ್ತದೆ, ಅದರ ಬಳ್ಳಿ ಮಡಿಗೆ ಹರಿದು ಬರುತ್ತದೆ. ಮಡಿಯ ಸುತ್ತ ಗೇಣುದ್ದ ಆಳದ ಚರಂಡಿ ತೋಡಿ, ಅದರೊಳಗೆ ಇಣುಕುವುದನ್ನು ಕತ್ತರಿಸುತ್ತಿರಬೇಕು. ಕಿತ್ತ ಗಡ್ಡೆ, ಕಾಂಡಗಳನ್ನು ಸೊಸೈಟಿಯ ಗೊಬ್ಬರದ ಗುಂಡಿಗೆ ಹಸಿಯಾಗಿ ಹಾಕದೆ, ಟೆರೇಸಿನಲ್ಲಿ ಕಟಕಟ ಒಣಗಿಸಿದ ಮೇಲೆ ಹಾಕಬೇಕು. ಲಾರಿಯಲ್ಲಿ ಬರುವ ಕೆಂಪು ಮಣ್ಣಿನಲ್ಲೂ ನರ್ಸರಿ ಸಸಿಯ ಚೀಲದಲ್ಲೂ ಕೊನ್ನಾರಿ ಬರುವುದುಂಟು. ಮಣ್ಣು ಹರಡುವ ಮುಂಚೆ ಅದರಲ್ಲಿ ಒಂದು ಬುಟ್ಟಿಯಷ್ಟನ್ನು ತೆಗೆದು, ನೀರು ಚಿಮುಕಿಸಿ ಮೂರು ವಾರ ಇಟ್ಟು ನೋಡಿದರೆ ಒಳಗೇನಿದೆಯೆಂದು ತಿಳಿಯುತ್ತದೆ.